ಆಕಾಶದಲ್ಲಿ ಮನೆ ತಗೊಂಡ್ರೆ ನೆಲ ಯಾರ್ದು?

ಈ ಸಂಚಿಕೆ ಶುರುವಾಗಿದ್ದು ನಮ್ಮ ಮನೆಯ ಒಂದು ಜಗಳದಿಂದ. ದೊಡ್ಡ ಜಗಳ ಏನಲ್ಲ, ರಾತ್ರಿ ಊಟಕ್ಕೆ ಕೂತಾಗ ಎದ್ದಿದ್ದು. ಆದ್ರೆ ಮೂರು ತಿಂಗಳಾದ್ರೂ ಮುಗಿದಿರಲಿಲ್ಲ.

ವಿಷ್ಯ ಇಷ್ಟೇ. ಅಪ್ಪನಿಗೆ ಮಂಡ್ಯದ ಪೇಟೆ ಬೀದಿ ಹತ್ರ ಒಂದು ಸಣ್ಣ ಅಂಗಡಿ ಇದೆ. ನಾವಿದ್ದಿದ್ದು ಊರಾಚೆಯ ಬಡಾವಣೆಯಲ್ಲಿ, ಬಾಡಿಗೆ ಮನೇಲಿ. ಇದರ ಜೊತೆಗೆ 20 ವರ್ಷದ ಹಿಂದೆ ಅಪ್ಪ ಚೀಟಿ ಎತ್ತಿ ತಗೊಂಡ 30–40ರ ಸೈಟೊಂದು ಖಾಲಿ ಬಿದ್ದಿದೆ. ಈಗ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದಿದೆ. ಸೈಟು ಮಾರಿ, ಅದರ ಮೂರನೇ ಮಹಡೀಲಿ ಒಂದು ಫ್ಲ್ಯಾಟು ತಗೊಳೋಣ ಅಂತ ಅಪ್ಪ. ಅಕ್ಕ ದಿನಾ ಬೆಳಗ್ಗೆ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋಳು, ಸ್ಟೇಷನ್ ಹತ್ರ ಆಗುತ್ತೆ ಅಂತ ಅವಳ ವೋಟೂ ಅಪ್ಪನಿಗೆ. ಅಮ್ಮ ತಟಸ್ಥ. ಮಳವಳ್ಳಿ ಕಡೆ ಹಳ್ಳಿಯಿಂದ ಬಂದು ನಮ್ಮ ಜೊತೆ ಇರೋ ಅಜ್ಜಿ ಮಾತ್ರ ಮುದ್ದೆ ಮುರಿಯೋದು ನಿಲ್ಲಿಸಿ ಅಪ್ಪನ್ನ ಕೇಳಿದ್ಲು: “ಅಲ್ಲ ಕಣ್ಲಾ, ಆಕಾಸ್ದಲ್ಲಿ ಮನೆ ತಕ್ಕಂಡ್ರೆ ನೆಲ ಯಾರ್ದ್ಲಾ?”

ಎಲ್ಲರೂ ನನ್ನ ಮುಖ ನೋಡಿದ್ರು. ಬಿ.ಕಾಂ. ಓದಿದವನು, ಪಾಡ್‌ಕಾಸ್ಟ್ ಮಾಡೋನು, ಇವನಿಗೆ ಗೊತ್ತಿರುತ್ತೆ ಅಂತ. ನಂಗೆ ಗೊತ್ತಿರಲಿಲ್ಲ. ಹುಡುಕೋಕೆ ಹೋದೆ. ಊರ ಮಧ್ಯದಲ್ಲಿ, ಒಬ್ಬರ ತಲೆ ಮೇಲೆ ಇನ್ನೊಬ್ಬರು ಬದುಕೋ ಈ ಪದ್ಧತಿಗೆ ಎಷ್ಟು ಹಳೇ ಇತಿಹಾಸ ಇದೆ ಅಂತ ಆಗ ಗೊತ್ತಾಯ್ತು.

ಮೊದಲು ಪೇಟೆಯಿಂದಲೇ ಶುರು ಮಾಡೋಣ. ಮದ್ದೂರಲ್ಲೂ ಮಂಡ್ಯದಲ್ಲೂ ಪೇಟೆ ಬೀದಿ ಅಂತಾನೇ ಇದೆ. ಹಳೇ ಪೇಟೆ ಮನೆಗಳನ್ನ ನೋಡಿರ್ತೀರಿ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ಒಳ್ಳೇ ಏರ್ಪಾಡು ಇಲ್ಲ: ಎರಡು ಬಾಡಿಗೆ ಇಲ್ಲ, ಓಡಾಟದ ಖರ್ಚಿಲ್ಲ, ರಾತ್ರಿ ಕಾವಲಿಗೆ ಬೇರೆ ಆಳು ಬೇಡ. ನಷ್ಟ ಏನು? ಗಾಳಿ ಬೆಳಕು ಕಮ್ಮಿ, ಗೋಡೆಗೆ ಗೋಡೆ ಅಂಟಿರುತ್ತೆ, ಹಿತ್ತಲು ಅನ್ನೋದೇ ಇರಲ್ಲ, ರಾತ್ರಿ ಹತ್ತು ಗಂಟೆಗೂ ಯಾರೋ ಬಾಗಿಲು ತಟ್ಟಿ ಒಂದು ಬೆಂಕಿಪೊಟ್ಟಣ ಕೇಳ್ತಾರೆ.

ಇದು ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. 2,000 ವರ್ಷದ ಹಿಂದೆ ರೋಮ್ ನಗರದಲ್ಲಿ ಇನ್ಸುಲಾ ಅನ್ನೋ ಬಹುಮಹಡಿ ಕಟ್ಟಡಗಳಿದ್ವು. ಕೆಳಗೆ ಅಂಗಡಿ ಸಾಲು, ಮೇಲೆ ಬಾಡಿಗೆ ಮನೆ. ಕುಸಿತ, ಬೆಂಕಿ ಎಷ್ಟಿತ್ತು ಅಂದ್ರೆ ಅಗಸ್ಟಸ್ ಚಕ್ರವರ್ತಿ ಕಟ್ಟಡದ ಎತ್ತರಕ್ಕೇ ಮಿತಿ ಹಾಕಿದ. ಅಲ್ಲಿ ದುಡ್ಡಿದ್ದೋರು ಕೆಳಗಿನ ಮಹಡಿಯಲ್ಲಿ, ಬಡವರು ತುದಿಯಲ್ಲಿ. ನೀರು ಹೊತ್ಕೊಂಡು ಮೆಟ್ಟಿಲು ಹತ್ತಬೇಕಲ್ಲ! ಇವತ್ತು ತಲೆಕೆಳಗಾಗಿದೆ, ಮೇಲೆ ಹೋದಷ್ಟೂ ರೇಟು ಜಾಸ್ತಿ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಅದರ ಉತ್ತರ ಮಳವಳ್ಳಿ ತಾಲ್ಲೂಕಲ್ಲೇ ಇದೆ.

ಪೇಟೆ ಜೀವನಕ್ಕೆ ನಮ್ಮ ಕಡೆ ಬಿದ್ದ ದೊಡ್ಡ ಏಟು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಚಿಕ್ಕಪೇಟೆ, ಬಳೇಪೇಟೆಯಂಥ ಇಕ್ಕಟ್ಟಿನ ಜಾಗಗಳಲ್ಲಿ ಜನ ನಲುಗಿಹೋದ್ರು. ಅದರ ಬೆನ್ನಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದ್ವು. ನೇರ ರಸ್ತೆ, ಮನೆ ಮನೆ ನಡುವೆ ಜಾಗ, ಹಿಂದೆ ಓಣಿ. “ಊರಾಚೆ ಸೈಟು, ಸುತ್ತ ಗಾಳಿ” ಅನ್ನೋ ಕನಸು ಮಧ್ಯಮ ವರ್ಗದ ತಲೆಗೆ ಹೊಕ್ಕಿದ್ದು ಆಗ. ಅಪ್ಪ ಚೀಟಿ ಎತ್ತಿ ಸೈಟು ತಗೊಂಡ್ರಲ್ಲ, ಅದರ ಹಿಂದೆ ಇಷ್ಟು ಹಳೇ ಭಯ ಇದೆ.

ಆಗ ಮಂಡ್ಯ ಮೈಸೂರು ಜಿಲ್ಲೆಯೊಳಗಿನ ಒಂದು ಸಣ್ಣ ಊರು. ರೈಲು 1880ರ ದಶಕದ ಆರಂಭದಲ್ಲೇ ಬಂದಿತ್ತು. ಆದ್ರೆ ಊರಿನ ನಸೀಬು ಬದಲಾಯಿಸಿದ್ದು ಕನ್ನಂಬಾಡಿ ಕಟ್ಟೆಯ ನೀರು. ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯ್ತು. ಕಚೇರಿ, ಕೋರ್ಟು, ಕಾಲೇಜು ಅಂತ ಜನ ಬಂದು ಸೇರಿಕೊಂಡ್ರು. ಎಲ್ಲರಿಗೂ ಸೈಟು ಎಲ್ಲಿಂದ ಬರಬೇಕು?

ಅವರಲ್ಲಿ ಬಹಳ ಜನ ಹೋಗಿದ್ದು ವಠಾರಕ್ಕೆ. ಈಗಿನವರಿಗೆ ವಠಾರ ಅಂದ್ರೆ ಟಿ.ವಿ. ಸೀರಿಯಲ್ಲು. ನಿಜದ ವಠಾರದಲ್ಲಿ ಒಂದು ಅಂಗಳ, ಸುತ್ತ ಎಂಟ್ಹತ್ತು ಮನೆ, ಎಲ್ಲರಿಗೂ ಒಂದೇ ನಲ್ಲಿ, ಬೆಳಗ್ಗೆ ಚೊಂಬು ಹಿಡ್ಕೊಂಡು ಒಂದೇ ಕ್ಯೂ. ಮಕ್ಕಳನ್ನ ಯಾರು ಬೇಕಾದ್ರೂ ನೋಡ್ಕೋತಿದ್ರು. ನಿಮ್ಮ ಮನೆ ಸಾರಿಗೆ ಏನು ಹಾಕಿದ್ದೀರಿ ಅಂತಾನೂ ಎಲ್ಲರಿಗೂ ಗೊತ್ತಿರ್ತಿತ್ತು. ನೆಲ ಮಾತ್ರ ಓನರ್‌ದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರಿಗೆ ರಕ್ಷಣೆ ಕೊಡ್ತು, ಮನಸ್ಸಿಗೆ ಬಂದಾಗ ಎಬ್ಬಿಸೋ ಹಾಗಿರಲಿಲ್ಲ. ಆದ್ರೆ ಬಾಡಿಗೆ ಏರದ ಮನೆಗೆ ಸುಣ್ಣ ಬಳಿಸೋ ಉತ್ಸಾಹ ಯಾವ ಓನರ್‌ಗಿರುತ್ತೆ ಹೇಳಿ? ಸೂರು ಸೋರ್ತಿತ್ತು, ಯಾರೂ ಮುಟ್ತಿರಲಿಲ್ಲ. ರಿಪೇರಿ ಯಾರು ಮಾಡಿಸಬೇಕು ಅನ್ನೋ ಪ್ರಶ್ನೆ ವಠಾರದಲ್ಲಿ ಬಗೆಹರಿಯಲೇ ಇಲ್ಲ.

ಹಾಗಾದ್ರೆ ಅಜ್ಜಿ ಹಳ್ಳಿಯ ತೊಟ್ಟಿಮನೆ? ನಾವು ಇನ್‌ಸ್ಟಾಗ್ರಾಮಲ್ಲಿ ನೋಡಿ “ಆಹಾ” ಅನ್ನೋ ಮನೆ ಅದು. ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬ, ನಾಡಹೆಂಚು, ಮೇಲೆ ಅಟ್ಟ. ಅಲ್ಲೂ ನೆಲ ಒಬ್ಬರದಾಗಿರಲಿಲ್ಲ, ಕುಟುಂಬದ್ದು. ಅಜ್ಜಿಯ ಕಣ್ಣೆದುರೇ ಅಣ್ಣ ತಮ್ಮಂದಿರು ಪಾಲಾದ್ರು. ಪಂಚಾಯ್ತಿದಾರರು ಕೂತು ಹಗ್ಗ ಹಿಡಿದು ಅಳೆದ್ರು. ತೊಟ್ಟಿ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಮಳೆ ನೀರು ಹೋಗೋ ದಾರಿ ಒಬ್ಬರ ಪಾಲಿಗೆ, ಬಿಸಿಲು ಇನ್ನೊಬ್ಬರ ಪಾಲಿಗೆ. ಇವತ್ತು ಆ ಮನೇಲಿ ಯಾರೂ ಇಲ್ಲ.

ಅಟ್ಟ ಅಂದಾಗ ನೆನಪಾಯ್ತು. ಇಂಗ್ಲಿಷಲ್ಲಿ ಲಾಫ್ಟ್ ಅಂದ್ರೆ ಅಟ್ಟಾನೇ. ನಮ್ಮಲ್ಲಿ ಅಟ್ಟದ ಮೇಲೆ ರಾಗಿ, ಬೆಲ್ಲ, ಹಳೇ ಕಂಚಿನ ಪಾತ್ರೆ. ನ್ಯೂಯಾರ್ಕಿನ ಸೋಹೋದಲ್ಲಿ ಕಾರ್ಖಾನೆಗಳು ಖಾಲಿಯಾದ ಮೇಲೆ 1960ರ ದಶಕದಲ್ಲಿ ಕಲಾವಿದರು ಆ ಮಹಡಿಗಳಿಗೆ ಸೇರ್ಕೊಂಡ್ರು. ಎತ್ತರದ ಸೂರು, ದೊಡ್ಡ ಕಿಟಕಿ, ಕಮ್ಮಿ ಬಾಡಿಗೆ. ಆದ್ರೆ ವಾಸಕ್ಕೆ ಅನುಮತಿ ಇರಲಿಲ್ಲ. ಅಂಥವರಿಗೆ ರಕ್ಷಣೆ ಕೊಡೋಕೆ 1982ರಲ್ಲಿ ಲಾಫ್ಟ್ ಕಾನೂನೇ ಬೇಕಾಯ್ತು. ಅಷ್ಟರಲ್ಲಿ ಲಾಫ್ಟ್ ಅನ್ನೋದು ಶ್ರೀಮಂತರ ಫ್ಯಾಷನ್ ಆಗಿತ್ತು.

ಈಗ ಮಳವಳ್ಳಿಗೆ ಬರೋಣ. ಮೇಲಿನ ಮಹಡಿಗೆ ಬೆಲೆ ಬಂದಿದ್ದು ಎರಡು ಕಾರಣಕ್ಕೆ: ಲಿಫ್ಟು ಮತ್ತು ಪಂಪು. ಎರಡಕ್ಕೂ ಕರೆಂಟು ಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತಯಾರಾಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಉರೀತು. ಆಮೇಲೆ ನೀರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಹೋಗಿದ್ದೂ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ, ಮೂರು ಕಡೆ ಪಂಪು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದೂ ಅಲ್ಲೇ. ಅಂದ್ರೆ ಬೆಂಗಳೂರಿನ ಹತ್ತನೇ ಮಹಡಿಯ ನಲ್ಲಿ ತಿರುಗಿಸಿದಾಗ, ಅಜ್ಜಿ ಊರ ಪಕ್ಕದಿಂದ ಶುರುವಾದ ಪ್ರಯಾಣ ಮುಗಿಯುತ್ತೆ.

ಆ ನೀರು ಎಲ್ಲರಿಗೂ ಮುಟ್ಟಲ್ಲ ಅನ್ನೋದು ನಂಗೆ 2024ರ ಮಾರ್ಚ್‌ನಲ್ಲಿ ಗೊತ್ತಾಯ್ತು. ಆಗ ನಾನು ಬೆಂಗಳೂರಲ್ಲಿ ಮೂವರು ಗೆಳೆಯರ ಜೊತೆ ಒಂದು ಬಾಡಿಗೆ ಫ್ಲ್ಯಾಟಲ್ಲಿದ್ದೆ, ನಾಲ್ಕನೇ ಮಹಡಿ. ಬೋರ್‌ವೆಲ್ ಬತ್ತಿತು. ದಿನಕ್ಕೆ ಎರಡು ಸಲ, ಒಂದೊಂದು ಗಂಟೆ ನೀರು. ಟ್ಯಾಂಕರ್ ದುಡ್ಡು ಹಂಚೋದ್ರಲ್ಲಿ ಜಗಳ. ಅದೇ ಜಗಳದಲ್ಲಿ ಲಿಫ್ಟ್ ಕೆಟ್ಟು ಐದು ವಾರ ನಿಂತಿತ್ತು. ಕೆಳಗಿನ ಮನೆಯವರು “ನಾವು ಲಿಫ್ಟೇ ಹತ್ತಲ್ಲ, ನಾವ್ಯಾಕೆ ಕೊಡ್ಬೇಕು?” ಅಂದ್ರು. ಆದ್ರೆ ಅದೇ ಕಟ್ಟಡದಲ್ಲಿ ಒಂದು ರಾತ್ರಿ ನಂಗೆ ಡೆಂಗಿ ಜ್ವರ ಏರಿದಾಗ, ಎದುರು ಮನೆ ಅಂಕಲ್ ನನ್ನನ್ನ ಹೆಗಲಿಗೆ ಆನಿಸ್ಕೊಂಡು ನಾಲ್ಕು ಮಹಡಿ ಇಳಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಲಿಫ್ಟ್ ನಿಂತಿದ್ದೂ ಪಕ್ಕದಲ್ಲಿ ಜನ ಇದ್ದಿದ್ದಕ್ಕೇ, ನಾನು ಉಳಿದಿದ್ದೂ ಪಕ್ಕದಲ್ಲಿ ಜನ ಇದ್ದಿದ್ದಕ್ಕೇ.

ಇನ್ನು ಅಜ್ಜಿಯ ಪ್ರಶ್ನೆ. ಕಾಂಡೋಮಿನಿಯಂ ಅನ್ನೋ ಪದದ ಮೂಲ ಲ್ಯಾಟಿನ್, ಅರ್ಥ ‘ಜೊತೆ ಒಡೆತನ’. 1958ರಲ್ಲಿ ಪೋರ್ಟೊ ರಿಕೊದಲ್ಲಿ ಇದಕ್ಕೊಂದು ಕಾನೂನು ಬಂತು, ಅಮೆರಿಕದ ರಾಜ್ಯಗಳು ಹಿಂಬಾಲಿಸಿದ್ವು. 1970ರಲ್ಲಿ ಮಹಾರಾಷ್ಟ್ರ, ಆಮೇಲೆ ನಮ್ಮದು: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಇದರ ಪ್ರಕಾರ ನಿಮ್ಮ ಗೋಡೆಯೊಳಗಿನ ಮನೆ ನಿಮ್ಮೊಬ್ಬರದೇ. ನೆಲ, ಮೆಟ್ಟಿಲು, ಲಿಫ್ಟು, ಸಂಪು ಎಲ್ಲರದ್ದು. ಅದರಲ್ಲಿ ನಿಮಗೊಂದು ಅವಿಭಾಜ್ಯ ಪಾಲಿರುತ್ತೆ. ಮುಖ್ಯ ವಿಷ್ಯ ಇಲ್ಲಿದೆ: ಆ ಪಾಲನ್ನ ಯಾರೂ ಒಡೆದು ಕೊಡಿ ಅಂತ ಕೇಳೋ ಹಾಗಿಲ್ಲ. ಅಜ್ಜಿ ತೊಟ್ಟಿಯಲ್ಲಿ ಎದ್ದ ಗೋಡೆ ಇಲ್ಲಿ ಏಳೋಕೆ ಕಾನೂನು ಬಿಡಲ್ಲ. ಲಿಫ್ಟ್ ಹತ್ತಲ್ಲ ಅಂತ ಖರ್ಚು ತಪ್ಪಿಸ್ಕೊಳ್ಳೋಕೂ ಬಿಡಲ್ಲ. ವಠಾರ ಮತ್ತು ತೊಟ್ಟಿಮನೆ ಎರಡೂ ಸೋತ ಜಾಗಕ್ಕೆ ಈ ಕಾಯ್ದೆ ಉತ್ತರ ಬರೆದಿದೆ. ಕಾಗದದ ಮೇಲೆ. ಅದು ನಡೆಯೋದು ಬಿಡೋದು ಸಂಘದ ಮೀಟಿಂಗಿಗೆ ನೀವು ಹೋಗ್ತೀರೋ ಇಲ್ವೋ ಅನ್ನೋದರ ಮೇಲೆ.

2016ರ ರೇರಾ ಕಾಯ್ದೆ ಇನ್ನಷ್ಟು ಬಲ ಕೊಟ್ಟಿದೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇದ್ರೆ ಪ್ರಾಜೆಕ್ಟ್ ನೋಂದಣಿ ಆಗಿರಲೇಬೇಕು. ಕಾರ್ಪೆಟ್ ಏರಿಯಾ ಸ್ಪಷ್ಟವಾಗಿ ಹೇಳಬೇಕು. ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡ್ರೆ ಬಿಲ್ಡರ್ ಸ್ವಂತ ಖರ್ಚಲ್ಲಿ ಸರಿ ಮಾಡಿಕೊಡಬೇಕು.

ಇಷ್ಟು ಓದ್ಕೊಂಡು ನಾನು ಅಪ್ಪನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ನೆಲದಲ್ಲಿ ನಮ್ಮ ಪಾಲೆಷ್ಟು? ನೀರು ಎಲ್ಲಿಂದ? ರಿಪೇರಿ ಯಾರದ್ದು, ತಿಂಗಳಿಗೆಷ್ಟು? ಸ್ಕ್ವೇರ್ ಫೀಟು, ಟೈಲ್ಸು, ಪಾರ್ಕಿಂಗು ಆಮೇಲೆ ಕೇಳಿ ಅಂದೆ. ಅಪ್ಪ ಹೋಗಿ ಕಾಗದ ಪತ್ರ ತಂದ್ರು. 1,050 ಚದರಡಿ ಮನೆಗೆ ನೆಲದ ಪಾಲು 380 ಚದರಡಿ. ನಮ್ಮ ಸೈಟು 1,200. ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸ್ತಾರೆ, ಕಟ್ಟಡಕ್ಕೆ ಸವಕಳಿ ಉಂಟು, ನೆಲಕ್ಕೆ ಇಲ್ಲ. ಅಪ್ಪ ಕ್ಯಾಲ್ಕುಲೇಟರ್ ಒತ್ತಿದ್ರು. ಅಜ್ಜಿಗೆ ಅದೂ ಬೇಕಾಗಲಿಲ್ಲ. “ಮೂರ್ರಲ್ಲಿ ಒಂದ್ ಪಾಲು ಕೊಟ್ಟು ಎಲ್ಲಾನೂ ತಕ್ಕತನಂತೆ” ಅಂದ್ಲು.

ಆದ್ರೆ ಕೇಳಿ, ಲೆಕ್ಕ ಅಲ್ಲಿಗೇ ಮುಗಿಯಲ್ಲ. ಆ ಸೈಟು ಊರಿಂದ ಆರು ಕಿ.ಮೀ. ದೂರ. ರಾತ್ರಿ ಎಂಟರ ಮೇಲೆ ಆಟೋ ಬರಲ್ಲ. ಅಜ್ಜಿ ಮಂಡಿ ನೋವಿಗೆ ತಿಂಗಳಿಗೆ ಎರಡು ಸಲ ಆಸ್ಪತ್ರೆ. ಅಕ್ಕ ಬೆಳಗ್ಗೆ ಐದಕ್ಕೆ ಏಳ್ತಾಳೆ. ಹತ್ತಿರ ಇರೋದಕ್ಕೂ ಒಂದು ಬೆಲೆ ಇದೆ, ಅದು ಯಾವ ಪತ್ರದಲ್ಲೂ ಬರಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಸೈಟು ಮಾರಲಿಲ್ಲ. ಅದೇ ಅಪಾರ್ಟ್‌ಮೆಂಟಲ್ಲಿ ಒಂದು ವರ್ಷಕ್ಕೆ ಬಾಡಿಗೆಗೆ ಹೋದ್ವಿ. ಈಗ ಏಳು ತಿಂಗಳಾಯ್ತು. ಅಕ್ಕ ದಿನಾ 40 ನಿಮಿಷ ಜಾಸ್ತಿ ನಿದ್ದೆ ಮಾಡ್ತಾಳೆ. ಅಪ್ಪ ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡ್ತಾರೆ. ಪಕ್ಕದ ಮದುವೆ ಮಂಟಪದ ಡಿಜೆ ಸದ್ದಿಗೆ ಕಿಟಕಿ ಗಾಜು ಅದುರುತ್ತೆ. ರಾಗಿ ಒಣಗಿಸೋಕೆ ಜಾಗ ಇಲ್ಲ, ಟೆರೇಸ್ ಕೀ ಸಂಘದ ಹತ್ರ. ಹೋದ ತಿಂಗಳು ಪಾರ್ಕಿಂಗಲ್ಲಿ ಸಂಘದ ಮೀಟಿಂಗ್ ಆಯ್ತು. ಬಾಡಿಗೆಯವರಿಗೆ ವೋಟಿಲ್ಲ, ಆದ್ರೂ ಅಜ್ಜಿ ಲಿಫ್ಟಲ್ಲಿ ಇಳಿದುಹೋಗಿ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಕೂತಿದ್ಲು. ಸಂಪು ತೊಳೆಸಿ ಎಷ್ಟು ದಿನ ಆಯ್ತು ಅಂತ ಕೇಳಿದ್ಲಂತೆ. ಯಾರ ಹತ್ರಾನೂ ಉತ್ತರ ಇರಲಿಲ್ಲ. ಆ ಭಾನುವಾರ ತೊಳೆಸಿದ್ರು.

ಟೆರೇಸ್ ಕೀ ಒಂದು ಈಗ ಅಜ್ಜಿ ಹತ್ರ ಇದೆ. ಉಳಿದ ಐದು ತಿಂಗಳಾದ ಮೇಲೆ ಕೊಳ್ಳೋದೋ ಬಿಡೋದೋ, ಮತ್ತೆ ಊಟಕ್ಕೆ ಕೂತು ಮಾತಾಡ್ತೀವಿ.

ನಿಮ್ಮದು ಯಾವ ಥರದ ಮನೆ? ಪೇಟೆ ಮನೆಯೋ, ವಠಾರವೋ, ಪಾಲಾದ ತೊಟ್ಟಿಯೋ, ಫ್ಲ್ಯಾಟೋ? ಒಂದು ವಾಯ್ಸ್ ಮೆಸೇಜ್ ಕಳಿಸಿ. ಅದಕ್ಕೆ ಮೊದಲು ಇವತ್ತು ಮನೇಲಿ ಅಜ್ಜಿ ತಾತ ಇದ್ರೆ ಅವರು ಹುಟ್ಟಿದ ಮನೆ ನೀರು ಎಲ್ಲಿಂದ ಬರ್ತಿತ್ತು ಅಂತ ಕೇಳಿ ನೋಡಿ. ಮುಂದಿನ ವಾರ ಸಿಗೋಣ.