ನ್ಯೂರೋಫೀಡ್‌ಬ್ಯಾಕ್

ಮೆದುಳಿನ ಚಟುವಟಿಕೆಯನ್ನು ಅಳೆದು, ಆಗಿಂದಾಗಲೇ ಚಿತ್ರ ಅಥವಾ ಶಬ್ದದ ರೂಪದಲ್ಲಿ ವ್ಯಕ್ತಿಗೇ ತೋರಿಸಿ, ಅದನ್ನು ಹತೋಟಿಗೆ ತಂದುಕೊಳ್ಳಲು ಕಲಿಸುವ ವಿಧಾನ.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ (ಈ ದಾಖಲೆಯೇ ಇಇಜಿ), 1929ರಲ್ಲಿ ಪ್ರಕಟಿಸಿದರು. ಈ ಅಲೆಗಳನ್ನು ಮನುಷ್ಯ ತಾನೇ ಗುರುತಿಸಬಲ್ಲನೇ ಎಂದು ಪರೀಕ್ಷಿಸಿದವರು ಜೋ ಕಮಿಯಾ. 1950ರ ದಶಕದ ಕೊನೆಯಲ್ಲಿ ಷಿಕಾಗೊದಲ್ಲಿ ಅವರು ಗಂಟೆ ಬಾರಿಸಿ, ಆ ಹೊತ್ತಿಗೆ ಮೆದುಳಿನಲ್ಲಿ ಆಲ್ಫಾ ಎಂಬ ಬಗೆಯ ಅಲೆ ಇದೆಯೋ ಇಲ್ಲವೋ ಊಹಿಸಲು ಹೇಳುತ್ತಿದ್ದರು. ಉತ್ತರ ಸರಿಯೇ ಎಂದು ಕೂಡಲೇ ತಿಳಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಊಹೆ ಸರಿಬೀಳತೊಡಗಿತು. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ ಒಂದು ಬಗೆಯ ಮೆದುಳಿನ ಅಲೆಯನ್ನು ಹೆಚ್ಚಿಸುವ ತರಬೇತಿ ಕೊಟ್ಟರು. ರಾಕೆಟ್ ಇಂಧನದ ವಿಷಕ್ಕೆ ಒಡ್ಡಿದಾಗ ತರಬೇತಿ ಪಡೆದ ಬೆಕ್ಕುಗಳು ಸೆಳವನ್ನು ಹೆಚ್ಚು ಹೊತ್ತು ತಡೆದುಕೊಂಡವು. ಚಿಕಿತ್ಸೆಯ ಮೇಲಿನ ನಂಬಿಕೆಯಿಂದ ಬೆಕ್ಕು ಗುಣವಾಗುವುದಿಲ್ಲವಾದ್ದರಿಂದ ಈ ಫಲಿತಾಂಶಕ್ಕೆ ತೂಕ ಹೆಚ್ಚು. ಬಳಿಕ ಆಲ್ಫಾ ಅಲೆ ಹೆಚ್ಚಿಸುತ್ತವೆನ್ನುವ ಯಂತ್ರಗಳ ವ್ಯಾಪಾರ ಜೋರಾಗಿ, ಕ್ಷೇತ್ರದ ಹೆಸರು ಕೆಟ್ಟಿತು.

1990ರ ದಶಕದಲ್ಲಿ ಮೆದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಬಂದ ಮೇಲೆ ಮೆದುಳಿನ ನಿರ್ದಿಷ್ಟ ಭಾಗವನ್ನೇ ಗುರಿಯಾಗಿಸಿಕೊಳ್ಳಲು ಸಾಧ್ಯವಾಯಿತು. ಆದರೆ ಅದು ಅಳೆಯುವುದು ರಕ್ತಸಂಚಾರದ ಬದಲಾವಣೆಯನ್ನು. ಹಾಗಾಗಿ ಸೂಚನೆ ಕೆಲವು ಸೆಕೆಂಡು ತಡವಾಗಿಯೇ ಸಿಗುತ್ತದೆ. 2011ರಲ್ಲಿ ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳ ಪ್ರಯೋಗ ಅಚ್ಚರಿ ಮೂಡಿಸಿತು. ಮೆದುಳಿನ ಚಟುವಟಿಕೆಗೆ ತಕ್ಕಂತೆ ಗಾತ್ರ ಬದಲಿಸುವ ವೃತ್ತವನ್ನು ಪರದೆಯ ಮೇಲೆ ತೋರಿಸಿ, ಅದನ್ನು ಹೇಗಾದರೂ ದೊಡ್ಡದು ಮಾಡಿ ಎಂದಷ್ಟೇ ಹೇಳಿದ್ದರು. ಭಾಗವಹಿಸಿದವರಿಗೆ ತಾವೇನು ಕಲಿಯುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ಆದರೂ ಒಂದು ನಿರ್ದಿಷ್ಟ ಓರೆಯ ಗೆರೆಗಳನ್ನು ಗುರುತಿಸುವುದರಲ್ಲಿ ಅವರು ಚುರುಕಾದರು.

ಗಮನಶಕ್ತಿಯ ಮಟ್ಟಿಗೆ ಮುಖ್ಯವಾದದ್ದು 2015ರ ಪ್ರಿನ್ಸ್‌ಟನ್ ಪ್ರಯೋಗ. ಮುಖದ ಚಿತ್ರದ ಮೇಲೆ ದೃಶ್ಯವೊಂದರ ಚಿತ್ರ ಬೆರೆಸಿ, ಒಂದನ್ನು ಮಾತ್ರ ಗಮನಿಸಲು ಹೇಳಲಾಯಿತು. ಮನಸ್ಸು ಅತ್ತಿತ್ತ ಹೋದರೆ ಗಮನಿಸಬೇಕಾದ ಚಿತ್ರವೇ ಮಸುಕಾಗುತ್ತಿತ್ತು. ಅಂದರೆ ಎಚ್ಚರ ತಪ್ಪಿದಷ್ಟೂ ಕೆಲಸ ಕಷ್ಟ. ತಮ್ಮದೇ ಮೆದುಳಿನ ಮಾಹಿತಿ ಪಡೆದವರ ಏಕಾಗ್ರತೆ ಸುಧಾರಿಸಿತು. ಬೇರೆಯವರ ಮೆದುಳಿನ ಮಾಹಿತಿಯನ್ನು ಕಂಡವರದು ಸುಧಾರಿಸಲಿಲ್ಲ.

ಎಂಆರ್‌ಐ ದುಬಾರಿಯಾದ್ದರಿಂದ ಚಿಕಿತ್ಸಾಲಯಗಳಲ್ಲಿ ಇಇಜಿಯ ಬಳಕೆಯೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತಲೆಗೆ ಪೆಟ್ಟು ಬಿದ್ದವರ ಮೇಲೆ ಇದರ ಅಧ್ಯಯನ ನಡೆದಿದೆ. ಆದರೆ 2017ರಲ್ಲಿ ಆಸ್ಟ್ರಿಯಾದ ಸಂಶೋಧಕರು ನಿದ್ರಾಹೀನರಲ್ಲಿ ನಿಜವಾದ ಮತ್ತು ತೋರಿಕೆಯ ತರಬೇತಿಗಳನ್ನು ಹೋಲಿಸಿದಾಗ, ಎರಡರಿಂದಲೂ ಒಂದೇ ತೆರನ ನೆಮ್ಮದಿ ಸಿಕ್ಕಿತು. ಪ್ರಯೋಗಗಳನ್ನು ಹೇಗೆ ನಡೆಸಿ ವರದಿ ಮಾಡಬೇಕೆಂಬ ಒಮ್ಮತದ ಪಟ್ಟಿ 2020ರಲ್ಲಿ ಹೊರಬಂತು.