ಹನೂರಿನ ವಿಳಾಸ ಮತ್ತು ಒಂದು ಟ್ಯಾಗ್ (ವೆಬ್ ಕಥೆ, ಭಾಗ 4)

ನಿಮ್ಮ ಅಜ್ಜ 1956ಕ್ಕೆ ಮುಂಚೆ ಹನೂರಲ್ಲಿ ಹುಟ್ಟಿದ್ರೆ, ಅವರು ಹುಟ್ಟಿದ್ದು ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೇಲಿ ಕಣ್ರಪ್ಪ. ಆ ವರ್ಷ ನವೆಂಬರ್ 1ಕ್ಕೆ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು. ಆಮೇಲೆ ಹನೂರೇ ಒಂದು ತಾಲ್ಲೂಕು. ಮನೆ ಅಲ್ಲೇ ಇದೆ, ವಿಳಾಸ ಮೂರು ಸಲ ಬದಲಾಯ್ತು!

ನಾನು ಕಲಿಯೋಕೆ ಅಂತ ಮಾಡಿದ ಸೈಟ್‌ನಲ್ಲಿ ಹದಿನೆಂಟು ಪುಟ. ಎಲ್ಲದರ ಕೆಳಗೂ ಯಾವುದೋ ಹಳೇ ಕರಪತ್ರದಿಂದ ಇಳಿಸಿದ 'ಕೊಳ್ಳೇಗಾಲ ತಾಲ್ಲೂಕು'. ಕೂತು ಹದಿನೇಳು ತಿದ್ದಿದೆ. ಉಳಿದ ಒಂದನ್ನೇ ನಮ್ಮ ಮಾವ ತೆಗೆದು ನೋಡಿದ್ರು. 😅

ಇದು ಹಳೇ ತಲೆನೋವು. 1995ರಲ್ಲಿ ಅಮೆರಿಕದ ಅಲೇರ್ ಸೋದರರು ಕೋಲ್ಡ್‌ಫ್ಯೂಷನ್ ತಂದ್ರು. ಆ ದಶಕ ಮುಗಿಯೋ ಮೊದಲೇ ಅದರಲ್ಲಿ ಕಸ್ಟಮ್ ಟ್ಯಾಗ್ ಬಂತು: ವಿಳಾಸವನ್ನ ಒಂದೇ ಫೈಲ್‌ನಲ್ಲಿ ಬರೆದಿಡಿ, ಬೇಕಾದ ಪುಟದಲ್ಲಿ ಅದರ ಹೆಸರಿನ ಟ್ಯಾಗ್ ಹಾಕಿ. ತಿದ್ದೋದು ಒಂದೇ ಕಡೆ.

ಆದ್ರೆ ಶೇರ್ಡ್ ಹೋಸ್ಟಿಂಗ್ ಅಂದ್ರೆ ವಠಾರ ಇದ್ದಹಾಗೆ. ಒಂದೇ ಸರ್ವರ್‌ನಲ್ಲಿ ನೂರಾರು ಸೈಟ್. ಟ್ಯಾಗ್‌ಗಳನ್ನ ಇಡೋ ಮುಖ್ಯ ಫೋಲ್ಡರ್ ಮನೆ ಮಾಲೀಕನ ಕೈಲಿ, ಬಾಡಿಗೆಯವರಿಗೆ ಬೀಗದ ಕೈ ಇಲ್ಲ. ಅದಕ್ಕೆ ದಾರಿ ಇತ್ತು. ಕೋಲ್ಡ್‌ಫ್ಯೂಷನ್ ಮೊದಲು ಹುಡುಕೋದು ಪುಟ ಇರೋ ಫೋಲ್ಡರ್‌ನಲ್ಲೇ, ಹಾಗಾಗಿ ಟ್ಯಾಗ್ ಫೈಲ್ ಅಲ್ಲೇ ಇಟ್ಟರೆ ಸಾಕು. ಬೇರೆ ಫೋಲ್ಡರ್‌ನಲ್ಲಿ ಇದ್ರೆ ಸಿಎಫ್‌ಮಾಡ್ಯೂಲ್ ಅನ್ನೋ ಟ್ಯಾಗ್‌ಗೆ ದಾರಿ ಬರೆದು ಕೊಡಬೇಕಿತ್ತು. ಜಾವಾದವರ ಜೆಎಸ್‌ಪಿಯಲ್ಲೂ ಇಂಥ ಟ್ಯಾಗ್ ಬಂತು, ಅದಕ್ಕೆ ಸರ್ವರ್‌ನಲ್ಲಿ ಜಾವಾನೇ ಇರಬೇಕು. ಅಗ್ಗದ ಬಾಡಿಗೆಯಲ್ಲಿ ಅದೆಲ್ಲಿ ಸಿಗುತ್ತೆ?

ಈಗ ಮಾಲೀಕನನ್ನ ಕೇಳೋದೇ ಬೇಡ. ಟ್ಯಾಗ್ ಕಟ್ಟೋ ಕೆಲಸ ಬ್ರೌಸರ್‌ಗೇ ಬಂದಿದೆ. ಇದಕ್ಕೆ ಕಸ್ಟಮ್ ಎಲಿಮೆಂಟ್ ಅಂತಾರೆ. ಇವತ್ತಿನ ರೂಪದಲ್ಲಿ 2016ರಲ್ಲಿ ಕ್ರೋಮ್‌ಗೆ, 2018ರಲ್ಲಿ ಫೈರ್‌ಫಾಕ್ಸ್‌ಗೆ, 2020ರಲ್ಲಿ ಎಡ್ಜ್‌ಗೂ ಬಂತು. ಒಂದು ಜಾವಾಸ್ಕ್ರಿಪ್ಟ್ ಫೈಲ್ ಅಪ್‌ಲೋಡ್ ಮಾಡಿದ್ರೆ ಆಯ್ತು. ಹೆಸರಲ್ಲಿ ಒಂದು ಹೈಫನ್ ಇರಲೇಬೇಕು, ಮುಂದೆ ಎಚ್‌ಟಿಎಂಎಲ್‌ಗೆ ಬರೋ ಹೊಸ ಟ್ಯಾಗ್ ಜೊತೆ ಜಗಳ ಆಗದಿರಲಿ ಅಂತ.

ಒಂದು ತೊಂದರೆ ಇದೆ. ಮಾದಪ್ಪನ ಬೆಟ್ಟದ ದಾರೀಲಿ ಸಿಗ್ನಲ್ ಹೋದ್ರೆ ಆ ಫೈಲ್ ಬರಲ್ಲ, ವಿಳಾಸದ ಜಾಗ ಖಾಲಿ. ಟ್ಯಾಗ್ ಒಳಗೆ ಮೊದಲೇ ಏನಾದ್ರೂ ಬರೆದಿಟ್ಟರೆ ಆಗ ಅದು ಕಾಣುತ್ತೆ. ಆದ್ರೆ ಅಲ್ಲಿ ಇಡೀ ವಿಳಾಸ ಬರೆದ್ರೆ ಮತ್ತೆ ಹದಿನೆಂಟು ಕಡೆ ತಿದ್ದೋ ಪಾಡು!

ನಾನು ಹದಿನೆಂಟು ಕಡೆನೂ ಒಂದೇ ಪದ ಹಾಕಿದ್ದೀನಿ: ಹನೂರು.

#ವೆಬ್‌ಕಥೆ #ಹನೂರು