ಗುರುಗ್ರಹದ ಉಪಗ್ರಹಗಳು: ವೀಕ್ಷಣೆಯಿಂದ ಕೋಷ್ಟಕದವರೆಗೆ (1610–1676)

ಹದಿನೇಳನೆಯ ಶತಮಾನದ ಯೂರೋಪಿನ ಖಗೋಳ ಗ್ರಂಥಗಳಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕುರಿತವು ಒಂದು ಪ್ರತ್ಯೇಕ ಪರಂಪರೆಯನ್ನೇ ನಿರ್ಮಿಸಿವೆ. ಈ ಉಪಗ್ರಹಗಳನ್ನು ಮೊದಲು ಕಂಡವರು ಯಾರು ಎಂಬ ವಿವಾದವು ಚರಿತ್ರೆಕಾರರ ಗಮನವನ್ನು ಬಹುಕಾಲ ಹಿಡಿದಿಟ್ಟಿತು. ಅದರಿಂದಾಗಿ, ಕಂಡದ್ದನ್ನು ಲೆಕ್ಕಕ್ಕೆ ತಂದವರ ಸಾಧನೆ ಹಿಂದೆ ಸರಿಯಿತು. ಭಾರತೀಯ ಜ್ಯೋತಿಷ ಪರಂಪರೆಯಲ್ಲಿ ಸಿದ್ಧಾಂತ ಗ್ರಂಥಗಳ ಜೊತೆಗೆ ಕರಣ ಗ್ರಂಥಗಳಿಗೂ ಕೋಷ್ಟಕಗಳಿಗೂ ಮಾನ್ಯತೆಯಿದೆ. ಗಣಿತ ಆಕಾಶದೊಡನೆ ಹೊಂದಬೇಕೆಂಬುದು ಅಲ್ಲಿಯ ಒರೆಗಲ್ಲು. ಇದೇ ಒರೆಗಲ್ಲನ್ನು ಯೂರೋಪಿನ ಈ ಗ್ರಂಥಗಳಿಗೆ ಅನ್ವಯಿಸಿದಾಗ ಅವುಗಳ ಪರಸ್ಪರ ಸಂಬಂಧವು ಸ್ಪಷ್ಟವಾಗುತ್ತದೆ.

ಗೆಲಿಲಿಯೊ ಗೆಲಿಲಿ ಪಾಡುವಾ ನಗರದಲ್ಲಿ 1610ರ ಜನವರಿ 7ರಂದು ತನ್ನ ದೂರದರ್ಶಕದ ಮೂಲಕ ಗುರುವಿನ ಬಳಿ ಮೂರು ಚುಕ್ಕಿಗಳನ್ನು ಗುರುತಿಸಿದನು. 13ರಂದು ನಾಲ್ಕನ್ನು ಕಂಡನು. ಮಾರ್ಚ್ 2ರವರೆಗಿನ ವೀಕ್ಷಣೆಗಳನ್ನು ಒಳಗೊಂಡ ‘ಸಿಡೆರಿಯಸ್ ನುನ್ಸಿಯಸ್’ ಅದೇ ತಿಂಗಳು ವೆನಿಸ್ಸಿನಲ್ಲಿ ಮುದ್ರಿತವಾಯಿತು. ಭೂಮಿ ಚಲಿಸುವುದಾದರೆ ಚಂದ್ರನು ಅದರ ಜೊತೆಗೆ ಉಳಿಯುವುದು ಹೇಗೆ ಎಂಬುದು ಕೋಪರ್ನಿಕಸ್‌ನ ವಿರೋಧಿಗಳ ಆಕ್ಷೇಪವಾಗಿತ್ತು. ಚಲಿಸುವುದೆಂದು ಎಲ್ಲರೂ ಒಪ್ಪಿದ್ದ ಗುರುಗ್ರಹಕ್ಕೆ ನಾಲ್ಕು ಸಂಗಾತಿಗಳಿರುವುದು ಆ ಆಕ್ಷೇಪಕ್ಕೆ ಸಮರ್ಪಕ ಉತ್ತರವಾಯಿತು. ಆದರೂ ಈ ಕಿರುಹೊತ್ತಗೆಯಲ್ಲಿ ನಾಲ್ಕೂ ಉಪಗ್ರಹಗಳ ಪರಿಭ್ರಮಣ ಕಾಲಗಳು ನಿಶ್ಚಿತವಾಗಿರಲಿಲ್ಲ. ನಾಲ್ಕು ಚುಕ್ಕಿಗಳು ನೋಟಕ್ಕೆ ಬಹುಮಟ್ಟಿಗೆ ಒಂದೇ ಬಗೆಯವು. ಗ್ರಹದ ಮುಂದೆ ಅಥವಾ ಹಿಂದೆ ಸರಿದಾಗ ಕಣ್ಮರೆಯಾಗುವಂಥವು. ನಿನ್ನೆಯ ಚುಕ್ಕಿಯೇ ಇಂದಿನದು ಎಂದು ನಿರ್ಧರಿಸುವುದೇ ಕಠಿಣವಾಗಿತ್ತು.

ಈ ತೊಡಕನ್ನು ಬಿಡಿಸಲು ಗೆಲಿಲಿಯೊಗೆ ಎರಡು ವರ್ಷ ಬೇಕಾಯಿತು. ಇದರ ನಡುವೆ ಯೋಹಾನೆಸ್ ಕೆಪ್ಲರ್ 1611ರಲ್ಲಿ ತನ್ನ ಸ್ವಂತ ವೀಕ್ಷಣೆಗಳನ್ನು ಪ್ರಕಟಿಸಿ ಗೆಲಿಲಿಯೊನ ಶೋಧವನ್ನು ಸಮರ್ಥಿಸಿದನು. ‘ಸ್ಯಾಟಲೈಟ್’ ಎಂಬ ಹೆಸರು ಈ ಉಪಗ್ರಹಗಳಿಗೆ ಸಂದದ್ದು ಈ ಕೃತಿಯಿಂದಲೇ. ನೀರಿನಲ್ಲಿ ತೇಲುವ ವಸ್ತುಗಳನ್ನು ಕುರಿತ 1612ರ ಗ್ರಂಥದಲ್ಲಿ ಗೆಲಿಲಿಯೊ ನಾಲ್ಕೂ ಉಪಗ್ರಹಗಳ ಪರಿಭ್ರಮಣ ಕಾಲಗಳನ್ನು ನೀಡಿದನು: ಒಳಗಿನದಕ್ಕೆ ಸುಮಾರು 1 ದಿನ ಹದಿನೆಂಟೂವರೆ ಗಂಟೆ, ಹೊರಗಿನದಕ್ಕೆ ಸುಮಾರು 16 ದಿನ 18 ಗಂಟೆ. ಸೂರ್ಯಕಲೆಗಳನ್ನು ಕುರಿತ 1613ರ ಗ್ರಂಥಕ್ಕೆ ಉಪಗ್ರಹಗಳ ಮುಂಬರುವ ಸ್ಥಾನಗಳನ್ನೂ ಸೇರಿಸಿದನು.

ಜರ್ಮನಿಯ ಆನ್ಸ್‌ಬಾಖ್ ಆಸ್ಥಾನದ ಗಣಿತಜ್ಞ ಸೈಮನ್ ಮಾರಿಯಸ್‌ನ ‘ಮುಂಡುಸ್ ಯೋವಿಯಾಲಿಸ್’ 1614ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟವಾಯಿತು. ಅಯೊ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಎಂಬ ಇಂದಿನ ಹೆಸರುಗಳು ಕೆಪ್ಲರನ ಸೂಚನೆಯಂತೆ ಈ ಗ್ರಂಥದಲ್ಲಿ ಕಾಣಿಸಿಕೊಂಡವು. ಉಪಗ್ರಹಗಳ ಸ್ಥಾನವನ್ನು ಬೇಕಾದ ಕಾಲಕ್ಕೆ ಗಣಿಸಿಕೊಳ್ಳಲು ನೆರವಾಗುವ ಕೋಷ್ಟಕಗಳನ್ನೂ ಮಾರಿಯಸ್ ಇದರಲ್ಲಿ ಒದಗಿಸಿದನು. 1609ರ ನವೆಂಬರ್ ಅಂತ್ಯದಿಂದಲೇ ಅವುಗಳನ್ನು ನೋಡುತ್ತಿದ್ದುದಾಗಿಯೂ ಡಿಸೆಂಬರ್ 29ರಂದು ಮೊದಲ ಬಾರಿಗೆ ಬರೆದಿಟ್ಟುದಾಗಿಯೂ ಅವನು ಹೇಳಿಕೊಂಡನು.

ಈ ಹೇಳಿಕೆಯೇ ಕಲಹಕ್ಕೆ ಕಾರಣವಾಯಿತು. ಗೆಲಿಲಿಯೊ 1623ರ ‘ಇಲ್ ಸಾಜ್ಜತೋರೆ’ ಗ್ರಂಥದಲ್ಲಿ ಮಾರಿಯಸ್‌ನ ಮೇಲೆ ಕೃತಿಚೌರ್ಯದ ಆರೋಪ ಹೊರಿಸಿದನು. ಪ್ರಾಟೆಸ್ಟೆಂಟ್ ಪ್ರಾಂತದಲ್ಲಿ ಹಳೆಯ ಜೂಲಿಯನ್ ಪಂಚಾಂಗ ರೂಢಿಯಲ್ಲಿದ್ದುದರಿಂದ ಆ ಡಿಸೆಂಬರ್ 29 ಎಂದರೆ ಹೊಸ ಪಂಚಾಂಗದ ಜನವರಿ 8. ಅಂದರೆ ಗೆಲಿಲಿಯೊನ ಮೊದಲ ವೀಕ್ಷಣೆಯ ಮರುದಿನ. ದಿನಾಂಕದ ಮಟ್ಟಿಗೆ ಗೆಲಿಲಿಯೊನ ಈ ವಾದ ಸರಿಯಾದದ್ದೇ. ಆದರೆ ಅದರಿಂದ ಚೌರ್ಯವು ಸಿದ್ಧವಾಗುವುದಿಲ್ಲ. ಮಾರಿಯಸ್‌ನ ಶಿಷ್ಯ ಬಾಲ್ದಸ್ಸಾರೆ ಕಾಪ್ರಾ 1607ರಲ್ಲಿ ಗೆಲಿಲಿಯೊನ ಗಣಿತೋಪಕರಣವನ್ನು ತನ್ನದೆಂದು ಪ್ರಕಟಿಸಿದ್ದ ಪ್ರಕರಣ ಈ ಆರೋಪದ ಹಿನ್ನೆಲೆಯಲ್ಲಿತ್ತು.

ಗ್ರಂಥದ ಆಂತರಿಕ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. ಒಳಗಿನ ಉಪಗ್ರಹಕ್ಕೆ ಮಾರಿಯಸ್ ನೀಡಿದ ಕಾಲ 1 ದಿನ 18 ಗಂಟೆ 28 ನಿಮಿಷ 30 ಸೆಕೆಂಡು. ಇದು ಗೆಲಿಲಿಯೊ 1612ರಲ್ಲಿ ಪ್ರಕಟಿಸಿದ ಸ್ಥೂಲ ಸಂಖ್ಯೆಯಿಂದ ನಕಲು ಮಾಡಿ ಪಡೆಯಬಹುದಾದದ್ದಲ್ಲ. ಡಚ್ ವಿದ್ವಾಂಸರಾದ ಔಡೆಮನ್ಸ್ ಮತ್ತು ಬೊಸ್ಖಾ 1903ರಲ್ಲಿ ಈ ಗಣಿತವನ್ನು ಪರಿಶೀಲಿಸಿ, ಮಾರಿಯಸ್ ಸ್ವತಂತ್ರವಾಗಿ ವೀಕ್ಷಿಸಿದ್ದನೆಂದು ಪ್ರತಿಪಾದಿಸಿದರು. ಮಾರಿಯಸ್ ಸೂರ್ಯಕೇಂದ್ರಿತ ವಾದವನ್ನು ಒಪ್ಪದೆ ಟೈಕೊ ಬ್ರಾಹೆಯ ಮಾದರಿಯ ವ್ಯವಸ್ಥೆಯನ್ನು ನಂಬಿದ್ದನೆಂಬುದೂ ಇಲ್ಲಿ ಗಮನಾರ್ಹ. ವಿಶ್ವರಚನೆಯ ವಿಷಯದಲ್ಲಿ ತಪ್ಪಿದವನು ಗಣನೆಯಲ್ಲಿ ನಿಖರನಾಗಿರಲು ಅಡ್ಡಿಯಿರಲಿಲ್ಲ. ಕೆಪ್ಲರ್ ತನ್ನ ‘ಎಪಿಟೋಮೆ’ಯಲ್ಲಿ ಗ್ರಹಗಳ ಮೂರನೆಯ ನಿಯಮವು ಗುರುವಿನ ಉಪಗ್ರಹಗಳಿಗೂ ಅನ್ವಯಿಸುವುದನ್ನು ತೋರಿಸಿದಾಗ ಆಧರಿಸಿದ್ದು ಮಾರಿಯಸ್‌ನ ಅಂಕಿಗಳನ್ನೇ. ಹೀಗೆ ಟೈಕೊ ಪಕ್ಷದವನ ಗಣಿತವು ಕೋಪರ್ನಿಕಸ್ ಪಕ್ಷದ ನಿಯಮವೊಂದಕ್ಕೆ ಆಧಾರವನ್ನು ಒದಗಿಸಿತು.

ಮುಂದಿನ ಪೀಳಿಗೆಯಲ್ಲಿ ಬೊರೆಲ್ಲಿ 1666ರಲ್ಲಿ ಈ ಚಲನೆಗಳ ಭೌತಿಕ ಕಾರಣಗಳನ್ನು ಚರ್ಚಿಸಿದನು. ಕ್ಯಾಸಿನಿ 1668ರಲ್ಲಿ ಬೊಲೊನ್ಯಾದಲ್ಲಿ ಉಪಗ್ರಹಗಳ ಗ್ರಹಣಕಾಲವನ್ನು ತಿಳಿಸುವ ಕೋಷ್ಟಕಗಳನ್ನು ಪ್ರಕಟಿಸಿದನು. ಒಂದೇ ಗ್ರಹಣವನ್ನು ಎರಡು ಸ್ಥಳಗಳಲ್ಲಿ ನೋಡಿ ಸ್ಥಳೀಯ ಕಾಲಗಳ ಅಂತರದಿಂದ ರೇಖಾಂಶವನ್ನು ಕಂಡುಕೊಳ್ಳುವ ವಿಧಾನವು ಇದರಿಂದ ಬಳಕೆಗೆ ಬಂದಿತು. ಫ್ರಾನ್ಸಿನ ಕರಾವಳಿಯ ನಕ್ಷೆಯನ್ನು ತಿದ್ದಲು ಅದು ಸಾಧನವಾಯಿತು.

ಕೋಷ್ಟಕಗಳು ಇಷ್ಟು ಸೂಕ್ಷ್ಮವಾದ ಮೇಲೆ ಅವುಗಳ ವೈಫಲ್ಯಕ್ಕೂ ಅರ್ಥವುಂಟಾಯಿತು. 1676ರ ನವೆಂಬರ್ 9ರಂದು ಅಯೊ ಗುರುವಿನ ನೆರಳಿನಿಂದ ಹೊರಬರುವುದು ಹತ್ತು ನಿಮಿಷ ತಡವಾಗುವುದೆಂದು ಓಲೆ ರೋಮರ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಮುಂಚಿತವಾಗಿ ತಿಳಿಸಿದನು, ಹಾಗೆಯೇ ಆಯಿತು. ಬೆಳಕು ಚಲಿಸಲು ಕಾಲ ಬೇಕೆಂಬುದೇ ಇದಕ್ಕೆ ಕಾರಣವೆಂದು ಅವನು ವಿವರಿಸಿದನು. ಭೂಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ 22 ನಿಮಿಷ ಹಿಡಿಯುತ್ತದೆಂಬುದು ಅವನ ಅಂದಾಜು. ಇಂದಿನ ಲೆಕ್ಕದಂತೆ ಅದು ಸುಮಾರು ಹದಿನಾರೂವರೆ ನಿಮಿಷ. ಕ್ಯಾಸಿನಿ ಈ ವಿವರಣೆಯನ್ನು ಒಪ್ಪಲಿಲ್ಲವಾದರೂ ಅದಕ್ಕೆ ಎಡೆಮಾಡಿಕೊಟ್ಟದ್ದು ಗ್ರಹಣಗಳ ಆ ಗಣಿತವೇ.

ಮೊದಲು ಕಂಡ ಕೀರ್ತಿ ಗೆಲಿಲಿಯೊಗೆ ಸಲ್ಲುವುದರಲ್ಲಿ ಸಂದೇಹವಿಲ್ಲ. ಆದರೆ ಆ ಕೀರ್ತಿಯನ್ನು ಕಾಯುವ ಉತ್ಸಾಹದಲ್ಲಿ ಮಾರಿಯಸ್‌ನಿಗೆ ಅಂಟಿಸಿದ ಕಳಂಕವು ಸುಮಾರು ಮೂರು ಶತಮಾನಗಳ ಕಾಲ ಅವನ ಗ್ರಂಥದ ಸಮತೂಕದ ಓದಿಗೆ ಅಡ್ಡಿಯಾಯಿತು. 1610ರ ನೋಟದಿಂದ 1676ರ ನಿರ್ಣಯದವರೆಗಿನ ಪರಂಪರೆಯಲ್ಲಿ ‘ಮುಂಡುಸ್ ಯೋವಿಯಾಲಿಸ್’ ಅವಶ್ಯಕವಾದ ಒಂದು ಕೊಂಡಿ. ಅದರ ಮೌಲ್ಯವನ್ನು ನಿರ್ಧರಿಸಬೇಕಾದದ್ದು ಪೀಠಿಕೆಯಲ್ಲಿರುವ ದಿನಾಂಕಗಳಿಂದಲ್ಲ, ಒಳಗಿರುವ ಕೋಷ್ಟಕಗಳಿಂದ.